ಮೊದಲು ಒಂದು ಗೇಣು ಕದಲಿಸಿ

ಗುರುವಾರ, ಬೆಳಗಿನ ಆರೂವರೆ. ಕುಂಭಾಶಿಯ ಓಣಿಯೊಂದರ ಮನೆಯಂಗಳದಲ್ಲಿ ಗೂಡ್ಸ್ ರಿಕ್ಷಾ ನಿಂತಿದೆ. ಒಳಗೆ ಚಾವಡಿಯಲ್ಲಿ, ಹಳೆ ಸಾಮಾನು ಒಯ್ಯಲು ಬಂದ ಸೀತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಎದುರಿಗೆ ಮರದ ಸ್ಟ್ಯಾಂಡಿನ ಮೇಲೆ ಡೊಳ್ಳು ಹೊಟ್ಟೆಯ ಹಳೆ ಟಿವಿ. ಅದಕ್ಕೊಂದು ಉಲ್ಲನ್ ದಾರದ ಹಾಸು, ಹಾಸಿನ ಮೇಲೆ ಪ್ಲಾಸ್ಟಿಕ್ ಗುಲಾಬಿ. ನೆತ್ತಿಯಲ್ಲಿ ಇಪ್ಪತ್ತೆರಡು ಆಯುಧಪೂಜೆಗಳ ಕುಂಕುಮ ಒಂದರ ಮೇಲೊಂದು ಒಣಗಿ ಕೂತಿದೆ. ಹತ್ತು ಗಂಟೆಗೆ ಹೊಸ ಟಿವಿ ಬರುವುದಿದೆ, ಗೋಡೆಗೆ ತೂತು ಕೊರೆದೂ ಆಗಿದೆ. ಹಾಗಾಗಿ ಆ ಮನೆಯ ಸೊಸೆ ಧನ್ಯಶ್ರೀಗೆ ಅವಸರ. ಹಾಸು ಎಳೆದು ಆಚೆಗಿಟ್ಟು ಟಿವಿಯ ಒಂದು ಮಗ್ಗುಲಿಗೆ ಅವರು ಕೈ ಹಾಕಿಯೇಬಿಟ್ಟರು.

“ಹ್ವಾಯ್, ನೀವ್ ಮುಟ್ಬೇಡಿ ಅಮ್ಮ,” ಎಂದು ಸೀತು ತಡೆಯುತ್ತಾರೆ. “ಇದನ್ನ ಮನಿಗ್ ತಂದವ್ರ್ ಯಾರ್?”

“ಮಾವ.”

“ಹಂಗಾರೆ ಮಾವನೇ ಕದಲ್ಸ್ಕ್. ಒಂದ್ ಗೇಣ್ ಸಾಕ್. ಮತ್ ನಾನ್ ಹೊತ್ಕಂಡ್ ಹೋತೆ.”

ಮಾವ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ. ಎರಡು ದಿನದಿಂದ ಟಿವಿಯ ಸುದ್ದಿ ಎತ್ತಿದರೆ ಸಾಕು, ಕಿವಿ ಕೇಳದವರ ಹಾಗೆ ಇದ್ದವರು. ಈಗ ಹೆಂಗಸರಿಬ್ಬರೂ ಬಾಗಿಲಲ್ಲಿ ಬಂದು ನಿಂತ ಮೇಲೆ ಏಳದೆ ವಿಧಿಯಿಲ್ಲ. “ಎಂತ ನಾಟ್ಕ ಇದ್,” ಎಂದು ಗೊಣಗುತ್ತಲೇ ಒಳಗೆ ಬಂದು ಎರಡೂ ಕೈಗಳನ್ನು ಟಿವಿಯ ಮೇಲಿಡುತ್ತಾರೆ. ಇಟ್ಟವರು ಹಾಗೇ ನಿಲ್ಲುತ್ತಾರೆ. ಕುಂದಾಪುರದ ಅಂಗಡಿಯಿಂದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು, ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದದ್ದು, ಎಲ್ಲ ಹೇಳುತ್ತಾರೆ. ಸೀತು ಅವಸರ ಮಾಡುವುದಿಲ್ಲ. ಕೊನೆಗೆ ಮಾವ ಉಸಿರು ಬಿಗಿಹಿಡಿದು ಒಂದು ಗೇಣು ನೂಕುತ್ತಾರೆ. ಅಡಿಯಲ್ಲಿ ಮರದ ಹಲಗೆ ಹೊಸತರ ಹಾಗೆ ಹೊಳೆಯುತ್ತಿದೆ. ಒದ್ದೆ ಬಟ್ಟೆ ಕೇಳಿ ತರಿಸಿಕೊಂಡು ಕುಂಕುಮವನ್ನೂ ಅವರೇ ಒರೆಸುತ್ತಾರೆ.

“ಆಯ್ತ್. ಇನ್ನ್ ಇದ್ ಬರೀ ಪೆಟ್ಗಿ,” ಎನ್ನುತ್ತಾ ಸೀತು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುತ್ತಾರೆ. ಧನ್ಯಶ್ರೀ ಒಂದು ಕೈ ಕೊಟ್ಟದ್ದಷ್ಟೇ, ಟಿವಿ ಸೀತುವಿನ ತಲೆಯೇರಿ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿ ಅದನ್ನು ಇಳಿಸಿಕೊಳ್ಳಲು ಸೀತುವಿನ ಗಂಡ ಗೋವರ್ಧನ ಕಾದು ನಿಂತಿದ್ದಾರೆ. ಅವರು ಯಾರ ಮನೆಯೊಳಗೂ ಬರುವುದಿಲ್ಲ. ಒಳಗೆ ಬರಬೇಕೆಂದರೆ ಚಪ್ಪಲಿ ಕಳಚಬೇಕು. ಗೋವರ್ಧನ ಚಪ್ಪಲಿ ಕಳಚದೆ ನಾಲ್ಕು ವರ್ಷವಾಯಿತು. ಮಲಗುವಾಗ ಬಿಟ್ಟರೆ ಅವರ ಕಾಲಿಗೆ ಸದಾ ಹಿಮ್ಮಡಿಯವರೆಗೆ ಪಟ್ಟಿ ಬಿಗಿದ ದಪ್ಪ ಅಟ್ಟೆಯ ಚಪ್ಪಲಿ. ಹಳೆ ಟಿವಿ ಹೊರುವ ಈ ಕೆಲಸ ಹುಟ್ಟಿದ್ದೇ ಆ ಚಪ್ಪಲಿಯಿಂದ. ಅದು ಒಂದು ದಿನ ಕಳಚಬೇಕೆಂಬುದೇ ಸೀತುವಿಗಿರುವ ಒಂದೇ ಒಂದು ಆಸೆ.

ಸೀತುವಿಗೆ ಈಗ ಐವತ್ತಮೂರು. ಹೆಮ್ಮಾಡಿಯಿಂದ ಪಡುವಣಕ್ಕೆ ಹೋದರೆ ಹೊಳೆಯ ದಂಡೆಯಲ್ಲಿ ಅವರ ಮನೆ. ಇಪ್ಪತ್ತೇಳು ವರ್ಷ ಅವರು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವರು. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ಕೊಂಡು ಹಾಲಾಡಿಯ ಬಸ್ಸು ಹತ್ತಿದರೆ, ಮನೆ ಮನೆ ಸುತ್ತಿ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಮಧ್ಯಾಹ್ನ ಮಗುಚುತ್ತಿತ್ತು. ಯಾವ ಮನೆಯಲ್ಲಿ ಬಂಗುಡೆ ಬಿಟ್ಟು ಬೇರೆ ತಿನ್ನುವುದಿಲ್ಲ, ಯಾವ ಮನೆಯ ಅತ್ತೆ ಕಿವಿರು ಎತ್ತಿ ನೋಡದೆ ಮೀನು ಮುಟ್ಟುವುದಿಲ್ಲ, ಯಾವ ಮನೆಯ ನಾಯಿಗೆ ಮೊದಲು ಒಂದು ಬೂತಾಯಿ ಎಸೆಯಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಈಗಲೂ ಹಾಲಾಡಿಯ ಕಡೆಗೆ ರಿಕ್ಷಾ ಹೋದರೆ ಹೆಂಗಸರು ಅಭ್ಯಾಸದಂತೆ ತಟ್ಟೆ ಹಿಡಿದೇ ಹೊರಗೆ ಬರುತ್ತಾರಂತೆ.

ಗೋವರ್ಧನ ಹೊಳೆಯ ಮನುಷ್ಯ. ಇಳಿತದ ಹೊತ್ತಿಗೆ ಸೊಂಟದ ನೀರಿಗೆ ಇಳಿದು ಕಪ್ಪೆಚಿಪ್ಪು ಹೆಕ್ಕುವುದು ಅವರ ಕಸುಬು. ಇಲ್ಲಿಯವರು ಆ ಚಿಪ್ಪಿಗೆ ಮಳಿ ಎನ್ನುತ್ತಾರೆ. ಕಲಕಿದ ನೀರಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಸರಿನಲ್ಲಿ ಕಾಲ್ಬೆರಳು ಆಡಿಸಿಯೇ ಚಿಪ್ಪು ಎಲ್ಲಿದೆಯೆಂದು ತಿಳಿಯಬೇಕು. “ಇವ್ರ ಕಾಲಿಗ್ ಕಣ್ಣಿತ್ತ್ ಅಂಬ್ರ್ ಊರವ್ರ್. ಬೇರೆಯವ್ರ್ ಒಂದ್ ಹೆಕ್ಕುವೊಳ್ಗೆ ಇವ್ರದ್ದ್ ನಾಕ್ ಬುಟ್ಟಿಗ್ ಬಿದ್ದಿರ್ತಿತ್ತ್,” ಎಂದು ಸೀತು ಹೇಳುವಾಗ ಮಾತಿನಲ್ಲಿ ಹೆಮ್ಮೆ ಮುಚ್ಚಿಟ್ಟರೂ ನಿಲ್ಲುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ಅಮಾವಾಸ್ಯೆ. ನೀರು ಬಹಳ ಕೆಳಗಿಳಿದ ದಿನ. ಅವರ ಮನೆಯೆದುರಿಗೇ, ದೋಣಿ ಕಟ್ಟುವ ಕಲ್ಲಿನಿಂದ ಹತ್ತು ಮಾರು ದೂರದಲ್ಲಿ ಗೋವರ್ಧನರ ಎಡಗಾಲು ಕೆಸರಿನಲ್ಲಿದ್ದ ಗಾಜಿನ ಮೇಲೆ ಬಿತ್ತು. ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ ಪಾದ ಬಿರಿದುಹೋಯಿತು. ಹದಿನಾಲ್ಕು ಹೊಲಿಗೆ, ಮೂರು ತಿಂಗಳು ಹಾಸಿಗೆ. ಗಾಯ ಪೂರ್ತಿ ಮಾಗಿದೆ, ಇನ್ನು ಮೊದಲಿನ ಹಾಗೇ ನಡೆಯಬಹುದು ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಗೋವರ್ಧನ ನಡೆದರು ಕೂಡ. ಆದರೆ ಬರಿಗಾಲು ನೆಲಕ್ಕೆ ತಾಗಿದರೆ ಸಾಕು, ಮೈ ಬೆವರುತ್ತಿತ್ತು. ಹೊಳೆಯ ಮಾತು ದೂರವೇ ಉಳಿಯಿತು. ಮಳಿ ಹೆಕ್ಕುವ ಬೆತ್ತದ ಬುಟ್ಟಿ ಅಡುಗೆಮನೆಯ ಕೊಕ್ಕೆಗೆ ಹೋಗಿ ನೀರುಳ್ಳಿ ಇಡುವ ಬುಟ್ಟಿಯಾಯಿತು.

ಗಾಜು ಯಾವುದೆಂದು ನೋಡಲು ಸೀತುವೇ ಇಳಿದರು. ನೆರೆಮನೆಯ ಇಬ್ಬರು ಹೆಂಗಸರೊಂದಿಗೆ ಹಗ್ಗ ಕಟ್ಟಿ ಎಳೆದರೆ ದಂಡೆಗೆ ಬಂದದ್ದು ಟ್ಯೂಬು ಒಡೆದ ಟಿವಿ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದಿತ್ತು: ಸು. ಉರಾಳ, ಸಾಲಿಗ್ರಾಮ. ತಟ್ಟೆ ಲೋಟ ಚೊಂಬಿಗೆಲ್ಲ ಹೆಸರು ಕೆತ್ತಿಸುವ ಮನೆಗಳಿರುತ್ತವಲ್ಲ, ಊರಿನ ಕಾರ್ಯಕ್ರಮಕ್ಕೆ ಎರವಲು ಹೋದದ್ದು ತಪ್ಪದೆ ಮರಳಲಿ ಎಂದು. ಅಂಥದೊಂದು ಮನೆಯ ಟಿವಿ ಅದು. ನಾಲ್ಕನೇ ಕ್ಲಾಸಿನವರೆಗೆ ಓದಿದ ಸೀತುವಿಗೆ ಅಷ್ಟು ಅಕ್ಷರ ಸಾಕಾಯಿತು. ಟಿವಿಯ ಬೆನ್ನಿನ ಕವಚ ಬಿಚ್ಚಿ ಗೋಣಿಯಲ್ಲಿ ಹಾಕಿಕೊಂಡು ಮರುದಿನವೇ ಸಾಲಿಗ್ರಾಮದ ಬಸ್ಸು ಹತ್ತಿದರು.

“ಜಗಳಕ್ಕೇ ಹೋದದ್ದ್ ನಾನ್. ಸುಳ್ಳ್ ಹೇಳುದೆಂತಕೆ? ಎಂತೆಂತ ಬೈಯ್ಕ್ ಅಂದೇಳಿ ಬಸ್ಸಗೆ ಇಡೀ ದಾರಿ ಉರು ಹೊಡ್ಕಂಡ್ ಹೋಯ್ದೆ. ಪಕ್ದಗೆ ಕೂತ ಹೆಂಗ್ಸ್ ಹೆದ್ರಿ ಸೀಟ್ ಬದ್ಲ್ ಮಾಡ್ತ್,” ಎಂದು ಈಗ ನಗುತ್ತಾರೆ.

ಮೀನಿನ ಬುಟ್ಟಿ ಹೊತ್ತು ಆ ಅಂಗಳಕ್ಕೆ ಕಾಲಿಡುವ ಪ್ರಶ್ನೆಯೇ ಇರಲಿಲ್ಲ. ಸುಬ್ಬರಾಯ ಉರಾಳರು ದೇವಸ್ಥಾನದ ಪೂಜೆಯವರು. ಬಾಗಿಲಿಗೆ ಬಂದದ್ದು ಅವರ ಹೆಂಡತಿ ಮನೋರಮಾ. ಸೀತು ಗೋಣಿಯಿಂದ ಕವಚ ತೆಗೆದು ಜಗಲಿಯ ಮೇಲಿಟ್ಟರೆ ಮನೋರಮಾ ಅದನ್ನು ಕಂಡು ಎದೆಗೆ ಕೈಯಿಟ್ಟುಕೊಂಡರು. “ಅಯ್ಯೋ ದೇವ್ರೇ! ನೀರಿಗ್ ಬಿಟ್ಟದ್ದ್ ವಾಪಸ್ ಬಂತಾ?”

ಅವರ ಅತ್ತೆ ಇದ್ದಾಗ ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾಗುವ ಮೊದಲೇ ಮನೆಮಂದಿಯೆಲ್ಲ ಸ್ನಾನ ಮುಗಿಸಿ ಕೂರಬೇಕಿತ್ತು. ಪರದೆಯ ಮೇಲೆ ದೇವರು ಬಂದ ಕೂಡಲೇ ಅತ್ತೆ ಎದ್ದು ಟಿವಿಗೆ ಆರತಿ ಎತ್ತುತ್ತಿದ್ದರು. ಟಿವಿ ಕೆಟ್ಟಿತು, ಅತ್ತೆಯೂ ಹೋದರು. ಆರತಿ ಕಂಡ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ಹೇಗೆ? ಹಳೆಯ ದೇವರ ಪಟ, ಭಿನ್ನವಾದ ವಿಗ್ರಹ ಎಲ್ಲವನ್ನೂ ನೀರಿಗೆ ಬಿಡುವುದು ವಾಡಿಕೆ. ಇದನ್ನೂ ಹಾಗೇ ಮಾಡೋಣವೆಂದು ಮನೋರಮಾ ತೀರ್ಮಾನಿಸಿದರು. ಅಲ್ಲಿಯ ಸಣ್ಣ ಹೊಳೆಯೂ ಬೇಡ, ಗಂಗೊಳ್ಳಿಯ ಹತ್ತಿರ ಐದು ಹೊಳೆ ಕೂಡುವಲ್ಲೇ ಬಿಟ್ಟರೆ ದೋಷವಿಲ್ಲವೆಂದು ಅಣ್ಣನ ಮಗ ಶೈಲೇಶನ ಕಾರಿನಲ್ಲಿ ಅಷ್ಟು ದೂರ ಒಯ್ದಿದ್ದರು. ಹೂವು, ತುಳಸಿ, ಒಂದು ರೂಪಾಯಿಯ ನಾಣ್ಯ ಇಟ್ಟು, ಕೈ ಮುಗಿದು ದೋಣಿಯಿಂದ ಬಿಟ್ಟದ್ದು. “ತುಂಬ ಕ್ರಮದಗೆ ಬಿಟ್ಟದ್ದ್ ನಾವ್,” ಎಂದು ಮನೋರಮಾ ಸ್ವಲ್ಪ ಸಮಾಧಾನದಿಂದಲೇ ಮಾತು ಮುಗಿಸಿದರು.

ಆಗ ಸೀತು ಗಂಡನ ಕಾಲಿನ ಕತೆ ಹೇಳಿದರು. ಮನೋರಮಾ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕುಸಿದು ಕೂತು ಅಳಲು ಶುರುಮಾಡಿದರು.

“ನನ್ ಬೈಗ್ಳ ಎಲ್ಲ ಗಂಟ್ಲಗೇ ಉಳೀತ್ ಕಾಣಿ,” ಎನ್ನುತ್ತಾರೆ ಸೀತು. “ಕಸ ಅಂದೇಳಿ ಬಿಸಾಡಿರೆ ಬೈಯ್ಲಕ್. ಅವ್ರ್ ದೇವ್ರ್ ಅಂದೇಳಿ ಬಿಟ್ಟದ್ದ್. ಅದಕ್ ಎಂತ ಹೇಳಿ ಬೈಯ್ಯುದ್? ಕಡಿಗ್ ನಾನೇ ಅವ್ರಿಗ್ ನೀರ್ ಕುಡಿನಿ ಅಂದೆ.”

ಅಷ್ಟರಲ್ಲಿ ಪೂಜೆ ಮುಗಿಸಿ ಉರಾಳರು ಬಂದರು. ಎಲ್ಲವನ್ನೂ ನಿಂತುಕೊಂಡೇ ಕೇಳಿದರು. ಆಮೇಲೆ ಹೆಂಡತಿಯನ್ನು ಕೇಳಿದರು: ಚೌತಿಯ ಗಣಪತಿಯನ್ನು ನೀರಿಗೆ ಬಿಡುವ ಮೊದಲು ಏನು ಮಾಡುತ್ತೇವೆ? ಕದಲಿಸುತ್ತೇವೆ. ಕೂತ ಜಾಗದಿಂದ ಸ್ವಲ್ಪ ಸರಿಸಿದರೆ ಒಳಗಿದ್ದ ದೇವರು ಹೊರಟ ಹಾಗೆ, ಉಳಿಯುವುದು ಮಣ್ಣು. ಅವರು ಸೀತುವಿನ ಕಡೆಗೆ ತಿರುಗಿದರು. “ಮಣ್ಣ್ ನೀರಗೆ ಕರ್ಗತ್ತ್. ಗಾಜ್ ಕರ್ಗುದಿಲ್ಲೆ, ಅದನ್ನ ನೀರಿಗ್ ಬಿಡೂಕಾಗ. ಒಂದ್ ಗೇಣ್ ಕದಲ್ಸಿ, ಕುಂಕುಮ ಒರ್ಸಿ ಹೊರಗ್ ಕೊಟ್ರೆ ಯಾವ್ ದೋಷವೂ ಇಲ್ಲೆ. ಇದ್ ಯಾವ್ ಶಾಸ್ತ್ರದಗೂ ಇಲ್ಲೆ ಮತ್ತೆ. ನಾನ್ ಹೇಳ್ತಿದ್ದೆ.”

“ಹೊರಗ್ ಕೊಡುದ್ ಅಂದ್ರೆ ಯಾರಿಗ್?” ಎಂದು ಮನೋರಮಾ ಕಣ್ಣೊರೆಸಿಕೊಂಡು ಕೇಳಿದರು. ಸೀತು ತನಗೇ ಗೊತ್ತಿಲ್ಲದ ಹಾಗೆ, “ನಂಗ್ ಕೊಡಿ ಅಮ್ಮ,” ಎಂದುಬಿಟ್ಟರು. ಮೀನಿನ ಬುಟ್ಟಿ ಇಳಿದು ಟಿವಿ ತಲೆಗೇರಿದ್ದು ಅಲ್ಲಿಂದ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಸೀತು ರಿಕ್ಷಾ ಓಡಿಸಲು ಕಲಿತರು. ಮೊದಮೊದಲು ಹಿಂದಕ್ಕೆ ತೆಗೆಯುವಾಗ ಎರಡು ತೆಂಗಿನ ಸಸಿ, ಒಂದು ತುಳಸಿಕಟ್ಟೆಯ ಮೂಲೆ ಹೋಯಿತಂತೆ. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎರಡೂ ಬದಿಯ ಓಣಿಗಳು ಅವರ ಕೈಯಲ್ಲಿವೆ. ದಿನಕ್ಕೆ ಆರೇಳು ಮನೆ. ಟಿವಿ, ಫ್ರಿಡ್ಜು, ಬಟ್ಟೆ ಒಗೆಯುವ ಮೆಷಿನು, ಕಬ್ಬಿಣದ ಮಂಚ, ಬಾಗಿಲು ಹಾಕಲು ಬಾರದ ಕಪಾಟು, ಸ್ಪ್ರಿಂಗು ಹೊರಬಂದ ಸೋಫಾ. ಮಂಚ, ಕಪಾಟು, ಫ್ರಿಡ್ಜಿಗೆ ತೂಕದ ದರ ಸಿಗುತ್ತದೆ, ಹೊಟ್ಟೆಪಾಡು ಅದರಲ್ಲೇ ನಡೆಯುತ್ತದೆ. ಟಿವಿಗೆ ಅವರು ದುಡ್ಡು ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಒಳಗಿನ ತಾಮ್ರದ ಆಸೆಗೆ ಟ್ಯೂಬು ಒಡೆಯುವವರಿದ್ದಾರೆ. ಸೀತು ಒಡೆಯುವುದಿಲ್ಲ. ಮನೆಯ ಹಿಂದಿನ ಶೀಟಿನ ಮಾಡಿನಡಿ ಸಾಲಾಗಿ ಇಟ್ಟು, ಗೋಣಿ ಹೊದಿಸಿ, ತಿಂಗಳಿಗೊಮ್ಮೆ ಮಂಗಳೂರು ಕಡೆಯಿಂದ ಬರುವ ಇ-ತ್ಯಾಜ್ಯದ ಲಾರಿಗೆ ಇಡಿಯಾಗಿಯೇ ಏರಿಸುತ್ತಾರೆ. ಲಾರಿಯವರು ಕೊಟ್ಟ ಚೀಟಿಗಳನ್ನು ಕೂಡಿಸಿದರೆ ಟಿವಿಗಳೇ ಸಾವಿರದ ಇನ್ನೂರು ದಾಟುತ್ತವೆ.

“ಒಂದ್ ಟಿವಿ ಮೂವತ್ತ್ ಕಿಲೋ ಬತ್ತ್. ಬಂಗ್ಡಿ ಬುಟ್ಟಿಯೂ ಅಷ್ಟೇ ಇದಿತ್ತ್,” ಎನ್ನುತ್ತಾರೆ. “ತಲಿಗ್ ಎಂತ ಗೊತ್ತಾತ್ತ್? ಈಗ್ ಸೀರಿ ಮೇಲೆ ನೀರ್ ಸೋರುದಿಲ್ಲೆ, ಬೆಕ್ಕ್ ಹಿಂದ್ ಬತ್ತಿಲ್ಲೆ. ಆರಾಮ.”

ಮನೆಯವರು ಕೈ ಮುಟ್ಟಿಸಿ ಕದಲಿಸದೆ ಅವರು ಯಾವ ಸಾಮಾನನ್ನೂ ಎತ್ತುವುದಿಲ್ಲ. ಉರಾಳರು ಹೇಳಿದ್ದು ಟಿವಿಗೆ ಮಾತ್ರ, ಸೀತು ಅದನ್ನು ಎಲ್ಲದಕ್ಕೂ ಹಿಡಿದುಬಿಟ್ಟಿದ್ದಾರೆ. ಕೆಲವರು ಮೂಗು ಮುರಿಯುತ್ತಾರೆ. ಹೆಚ್ಚಿನವರಿಗೆ ಅದೇ ಬೇಕಾಗಿರುತ್ತದೆ. ಬ್ರಹ್ಮಾವರದ ಹತ್ತಿರ ಒಂದು ಮನೆಯಲ್ಲಿ ಅಪ್ಪ ಮಲಗುತ್ತಿದ್ದ ಕಬ್ಬಿಣದ ಮಂಚ ಕೊಡುವುದಿತ್ತು. ಅಣ್ಣ ತಮ್ಮ ಇಬ್ಬರೂ ಇದ್ದರು, ಆದರೆ ಒಬ್ಬರಿಗೊಬ್ಬರು ಮಾತಿಲ್ಲ. ಯಾರು ಕದಲಿಸಬೇಕೆಂಬುದಕ್ಕೇ ಮುಖ ಗಂಟಿಕ್ಕಿಕೊಂಡು ನಿಂತರು. “ಮಂಚಕ್ ಎರಡ್ ತುದಿ ಇತ್ತಲೆ? ಒಬ್ಬೊಬ್ರ್ ಒಂದೊಂದ್ ಹಿಡ್ಕಣಿ,” ಎಂದರು ಸೀತು. ಹಿಡಿದರು. ಒಂದು ತುದಿ ಬಾಗಿಲ ಕಡೆಗೆ, ಇನ್ನೊಂದು ಕಿಟಕಿಯ ಕಡೆಗೆ ಹೋಗಿ ಮಂಚ ಅಡ್ಡಕ್ಕೆ ಸಿಕ್ಕಿಹಾಕಿಕೊಂಡಿತು. “ನಿನ್ ಬದಿ ಎತ್ತ್ ಮರಾಯ!” ಎಂದು ಅಣ್ಣ ಗದರಿದರು. ಎಷ್ಟೋ ವರ್ಷದ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು. ಸೀತುವಿಗೆ ಅಂದು ಅಣ್ಣ ತಮ್ಮ ಇಬ್ಬರ ಮನೆಯಿಂದಲೂ ಚಾ ಸಿಕ್ಕಿತು.

ಮಂಗಳವಾರ, ಶುಕ್ರವಾರ ರಿಕ್ಷಾ ಹೊರಡುವುದಿಲ್ಲ. ಆ ಎರಡು ದಿನ ಮನೆಯಿಂದ ಸಾಮಾನು ಹೊರಗೆ ಕೊಡಲು ಇಲ್ಲಿ ಯಾರೂ ಒಪ್ಪುವುದಿಲ್ಲ. ಬೇರೆಯವರಾದರೆ ಕಾಲು ಚಾಚಿ ಮಲಗುತ್ತಿದ್ದರು. ಸೀತು ಇಳಿತದ ಹೊತ್ತು ನೋಡಿಕೊಂಡು ಹೊಳೆಗೆ ಇಳಿಯುತ್ತಾರೆ. ನೀರಿಗೆ ಬಿಟ್ಟವರು ಮನೋರಮಾ ಒಬ್ಬರೇ ಅಲ್ಲವಲ್ಲ. ದೋಣಿ ಕಟ್ಟುವ ಕಲ್ಲಿನ ಎದುರು ಗಂಡ ಮಳಿ ಹೆಕ್ಕುತ್ತಿದ್ದ ಜಾಗದ ಸುತ್ತ ನಾಲ್ಕು ಬಿದಿರಿನ ಗಳ ಊರಿ, ಭತ್ತದ ಗದ್ದೆ ನೆಟ್ಟಿ ಮಾಡುವಂತೆ ಒಂದೊಂದೇ ಸಾಲು ಕಾಲಾಡಿಸುತ್ತ ಬಂದಿದ್ದಾರೆ. ಮೊದಲು ಬೂಟು ಹಾಕಿ ಮರದ ಕೋಲಿನಿಂದ ತಡವುತ್ತಾರೆ, ಸಿಕ್ಕಿದ್ದನ್ನೆಲ್ಲ ಎತ್ತಿದ ಮೇಲೆ ಬರಿಗಾಲಲ್ಲಿ ಮತ್ತೊಮ್ಮೆ ನಡೆಯುತ್ತಾರೆ. ನಾಲ್ಕು ವರ್ಷದಲ್ಲಿ ಆ ಒಂದು ತುಂಡು ಹೊಳೆಯಿಂದ ಮೇಲೆ ಬಂದದ್ದು ಹನ್ನೊಂದು ಟಿವಿ, ಎರಡು ಮಿಕ್ಸಿ, ಫ್ರಿಡ್ಜಿನ ಬಾಗಿಲು, ಒಂದು ಹೊಲಿಗೆ ಮೆಷಿನು, ಲೆಕ್ಕವಿಲ್ಲದಷ್ಟು ದೇವರ ಪಟದ ಗಾಜು.

ಇಷ್ಟೆಲ್ಲ ಆದ ಮೇಲೂ ಗೋವರ್ಧನ ದಂಡೆಯ ಕಲ್ಲಿನಿಂದ ಮುಂದೆ ಬಂದವರಲ್ಲ. ಚಪ್ಪಲಿ ಹಾಕಿಕೊಂಡೇ ಅಲ್ಲಿ ಕೂತು ಹಗ್ಗ ಎಳೆದುಕೊಡುತ್ತಾರೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ನಗು ಜಾಸ್ತಿ. ಅವರ ಮುಂದೆಯೇ ಸೀತು ಛೇಡಿಸುತ್ತಾರೆ: “ಊರಿನ್ ಸಾಮಾನೆಲ್ಲ ಕದಲ್ತ್. ನಮ್ಮನಿಯಗೆ ಕದಲ್ದ ಸಾಮಾನ್ ಅಂದ್ರೆ ಇವ್ರೊಬ್ರೇ.” ಗೋವರ್ಧನ ಬೀಡಿ ಹಚ್ಚುತ್ತಾ, “ನನ್ನ್ ಏರ್ಸ್ಕಂಡ್ ಹೋಪ ಲಾರಿ ಇನ್ನೂ ಬರ್ಲಿಲ್ಲೆ,” ಎಂದು ನಗುತ್ತಾರೆ. ಸೀತುವಿಗೆ ಅದು ನಗುವ ಮಾತೆನಿಸುವುದಿಲ್ಲ, ಮುಖ ತಿರುಗಿಸಿ ಹಗ್ಗ ಸುತ್ತತೊಡಗುತ್ತಾರೆ.

ಸೀತುವಿಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಮನೋರಮಾ ಕಡೆಯವು. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಬಳೆ ಅಂಗಡಿಯಲ್ಲಿ, ಎಲ್ಲಿ ನಾಲ್ಕು ಹೆಂಗಸರು ಸಿಕ್ಕಿದರೂ ಮನೋರಮಾ ವಿಷಯ ಎತ್ತುತ್ತಾರೆ: ನೀರಿಗೆ ಬಿಡಬೇಡಿ, ಕದಲಿಸಿ ಸೀತುವಿಗೆ ಕೊಡಿ. ವಿಳಾಸ ಬರೆದುಕೊಂಡು ಅವರೇ ಫೋನ್ ಮಾಡುತ್ತಾರೆ. ಆದರೆ ವಿಳಾಸ ಎರಡನೆಯ ಮಾತು. ಮೊದಲ ಮಾತು ನಾಲ್ಕು ವರ್ಷದಿಂದ ಒಂದೇ: “ಸೀತು, ಅವ್ರ್ ಹೊಳಿಗ್ ಇಳ್ದ್ರಾ?” ಉತ್ತರವೂ ಒಂದೇ: “ಇಲ್ಲೆ ಅಮ್ಮ.” ಆಮೇಲೆ ಆ ಕಡೆಯಿಂದ ಒಂದು ನಿಟ್ಟುಸಿರು, ಅದರ ಹಿಂದೆ ವಿಳಾಸ.

ಹೊಸ ಗಾಡಿ, ದೊಡ್ಡ ಶೆಡ್ಡು, ಸನ್ಮಾನ, ಇಂಥದ್ದೇನಾದರೂ ಬೇಕೆ ಎಂದರೆ ಸೀತು ಕೈಯಾಡಿಸುತ್ತಾರೆ. “ಸನ್ಮಾನಕ್ ಹೋರೆ ಆ ದೊಡ್ಡ್ ಪಟ ಕೊಡ್ತ್ರಲೆ, ಗಾಜ್ ಹಾಕಿದ್ದ್. ಅದನ್ನ ಮತ್ ಎಲ್ಲ್ ಬಿಡುದ್?” ಆಮೇಲೆ ತಾವೇ ಹೇಳುತ್ತಾರೆ: “ನಂಗ್ ಎಲ್ಲ ಇತ್ತ್. ಇವ್ರ್ ಒಂದ್ ಸಲ ಬರಿಗಾಲಗೆ ಹೊಳಿಗ್ ಇಳ್ದ್ ಒಂದ್ ಬುಟ್ಟಿ ಮಳಿ ತರ್ಕ್. ಮಾರುಕಲ್ಲ, ನಾವೇ ತಿಂಬುಕೆ.”

ಮರುದಿನ ಶುಕ್ರವಾರ, ಅಮಾವಾಸ್ಯೆ. ಸಂಜೆ ಐದು ಗಂಟೆಯ ಹೊತ್ತಿಗೆ ನೀರು ಮೊಣಕಾಲಿಗೆ ಇಳಿದಿದೆ. ನಾಲ್ಕನೇ ಗಳದ ಪಕ್ಕದ ಕೊನೆಯ ಸಾಲು ಉಳಿದಿತ್ತು. ಸೀತು ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ಅದನ್ನೂ ನಡೆದು ಮುಗಿಸುತ್ತಾರೆ. ಸಿಕ್ಕಿದ್ದು ಬಾಟಲಿಯ ಮುಚ್ಚಳ ಒಂದೇ. ದಂಡೆಗೆ ಬಂದು ಕಲ್ಲಿನ ಮೇಲೆ ಗಂಡನ ಪಕ್ಕ ಕೂತು, ಎರಡೂ ಪಾದ ಎತ್ತಿ ಅವರ ಮುಂದೆ ಹಿಡಿಯುತ್ತಾರೆ.

“ಮುಗೀತ್. ಈ ಗಳದಿಂದ ಆ ಗಳದವರಿಗೆ ಎಂತದೂ ಇಲ್ಲೆ. ಕಾಣಿ, ಒಂದ್ ಗೀರಿತ್ತಾ?”

ಗೋವರ್ಧನ ಹೆಂಡತಿಯ ಪಾದಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಕೆಸರು ಒರೆಸಿ ನೋಡುತ್ತಾರೆ. ಗೀರಿಲ್ಲ.

“ನಿಂಗ್ ಎಂತದೂ ಆಯ್ಲಿಲ್ಲೆ,” ಎಂದು ನಿಧಾನಕ್ಕೆ ಹೇಳುತ್ತಾರೆ. “ನಂಗೂ ಆತಿಲ್ಲೆ ಅಂದ್ ಹ್ಯಾಂಗ್ ಹೇಳುದ್?”

“ಹೊಳಿ ದಾಟಿ ಹೋಯ್ನಿ ಅಂದೇಳಿ ಯಾರ್ ಹೇಳ್ರ್ ನಿಮ್ಗೆ? ಒಂದ್ ಗೇಣ್ ಕದಲಿ. ಸಾಕ್.”

ಸಾವಿರ ಮನೆಯ ಅಂಗಳದಲ್ಲಿ ನಿಂತು ಕೇಳಿದ ಮಾತು. ಗೋವರ್ಧನರಿಗೆ ನಗು ಬರುತ್ತದೆ. ನಗು ಮುಗಿದ ಮೇಲೂ ಅವರು ನೀರನ್ನೇ ನೋಡುತ್ತಿದ್ದಾರೆ. ಸೀತು ಅವಸರ ಮಾಡುವುದಿಲ್ಲ. ಬಹಳ ಹೊತ್ತಾದ ಮೇಲೆ ಗೋವರ್ಧನ ಬಗ್ಗಿ ಎಡಗಾಲಿನ ಪಟ್ಟಿ ಬಿಚ್ಚುತ್ತಾರೆ, ಆಮೇಲೆ ಬಲಗಾಲಿನದು. ನಾಲ್ಕು ವರ್ಷ ಬಿಸಿಲು ಕಾಣದ ಪಾದ ಬಿಳಿಚಿಕೊಂಡಿದೆ. ಅದನ್ನು ಕೆಸರಿನ ಮೇಲೆ ಇಡುತ್ತಾರೆ. ಸೀತುವಿಗೆ ಕೈ ಹಿಡಿದುಕೊಳ್ಳಬೇಕು ಅನ್ನಿಸಿದರೂ ಹಿಡಿಯುವುದಿಲ್ಲ. ಕದಲಿಸುವವರೆಗೆ ತಾನು ಕೈ ಹಚ್ಚುವಂತಿಲ್ಲ ಎಂಬುದು ಅವರದೇ ಕಟ್ಟುಪಾಡು.

ಒಂದು ಗೇಣು. ಅಲ್ಲೇ ನಿಂತು ಗೋವರ್ಧನ ಉಸಿರು ಬಿಡುತ್ತಾರೆ. ಮತ್ತೊಂದು ಗೇಣು. ನೀರು ಹರಡಿಗೆ ಬರುತ್ತದೆ, ಮೀನಖಂಡಕ್ಕೆ ಬರುತ್ತದೆ. ಮೊದಲ ಗಳ ದಾಟಿದ ಮೇಲೆ ಅವರ ನಡಿಗೆಯೇ ಬೇರೆಯಾಗುತ್ತದೆ. ಕಾಲನ್ನು ಎತ್ತಿ ಇಡುವುದಿಲ್ಲ, ಜಾರಿಸುತ್ತಾರೆ. ಸೀತುವಿಗೆ ಆ ಜಾರಿಸುವುದು ಗೊತ್ತು. ಬೆರಳು ಹುಡುಕಲು ಶುರುಮಾಡಿದೆ. ಗೋವರ್ಧನ ಬಗ್ಗಿ ನೀರಿನಿಂದ ಏನೋ ಎತ್ತಿ, ಕೆಸರು ತೊಳೆದು, ಲುಂಗಿಯ ಮಡಿಲಿಗೆ ಹಾಕುತ್ತಾರೆ. ಇನ್ನೊಂದು. ಮತ್ತೆರಡು. ಮಡಿಲು ಜೋತುಬೀಳುತ್ತದೆ.

“ಸೀತೂ,” ಎಂದು ತಿರುಗಿ ನೋಡದೆಯೇ ಕೂಗುತ್ತಾರೆ. “ಬುಟ್ಟಿ ಎಲ್ಲಿತ್ತ್?”

ಸೀತು ಎದ್ದು ಮನೆಯ ಕಡೆಗೆ ಓಡುತ್ತಾರೆ. ಕೆಸರುಗಾಲಲ್ಲೇ ಅಡುಗೆಮನೆಗೆ ನುಗ್ಗಿ ಕೊಕ್ಕೆಯಿಂದ ಬುಟ್ಟಿ ಇಳಿಸಿ ನೀರುಳ್ಳಿಯನ್ನೆಲ್ಲ ನೆಲಕ್ಕೆ ಸುರಿಯುತ್ತಾರೆ. ಅದೇ ಹೊತ್ತಿಗೆ ಸೊಂಟದಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಮನೋರಮಾ.

“ಸೀತು, ಅವ್ರ್ ಹೊಳಿಗ್...”

“ಅಮ್ಮ, ವಿಳಾಸ ಮತ್ ಹೇಳಿ,” ಎನ್ನುತ್ತಾರೆ ಸೀತು. “ಇವ್ರ್ ಬುಟ್ಟಿ ಕೇಂತಿದ್ರ್.”

ಆ ಕಡೆ ಮನೋರಮಾ ಗಂಡನನ್ನು ಕೂಗುವುದು ಇಲ್ಲಿಯವರೆಗೆ ಕೇಳುತ್ತದೆ: “ಹ್ವಾಯ್, ಕೇಂಡ್ರ್ಯಾ? ಬುಟ್ಟಿ ಕೇಂತಿದ್ರಂಬ್ರ್!”

ನೀರುಳ್ಳಿ ಹೊಸ್ತಿಲವರೆಗೂ ಉರುಳಿಹೋಗಿದೆ. ಹೆಕ್ಕಲು ಈಗ ಪುರುಸೊತ್ತಿಲ್ಲ. ಅದನ್ನು ದಾಟಿಕೊಂಡು ಸೀತು ಬುಟ್ಟಿ ಹಿಡಿದು ಹೊಳೆಗೆ ಓಡುತ್ತಾರೆ.